ಪ್ರಶ್ನೆಯಾಗಿ ಹುಟ್ಟಿದ ಹಾಡು: ಚಾರ್ಲ್ಸ್ ವೆಸ್ಲಿ, ಮೇ 1738

1738ರ ಮೇ 23, ಮಂಗಳವಾರ. ಲಂಡನ್ನಿನ ಲಿಟಲ್ ಬ್ರಿಟನ್ ಎಂಬ ಬೀದಿಯಲ್ಲಿ ಒಬ್ಬ ಕಂಚುಗಾರರ ಮನೆ. ಕಾಯಿಲೆಯಿಂದ ಇನ್ನೂ ಪೂರ್ತಿ ಎದ್ದಿರದ 30 ವರ್ಷದ ಪಾದ್ರಿಯೊಬ್ಬರು ಬೆಳಿಗ್ಗೆ 9 ಗಂಟೆಗೆ ಹಾಡು ಬರೆಯಲು ಶುರುಮಾಡಿದರು. ಅರ್ಧಕ್ಕೇ ನಿಲ್ಲಿಸಿಬಿಟ್ಟರು. ನನಗಾದ ಅನುಭವವನ್ನು ನಾನೇ ಹಾಡು ಕಟ್ಟಿ ಹೇಳಿದರೆ ಅದು ಅಹಂಕಾರ ಅಲ್ವಾ ಎಂಬ ಭಯ ಅವರನ್ನು ಹಿಡಿದಿತ್ತು. ಅಷ್ಟರಲ್ಲಿ ಮನೆಯ ಯಜಮಾನ ಜಾನ್ ಬ್ರೇ ಬಂದರು. ಸೈತಾನನಿಗೆ ಕಿವಿಗೊಡಬೇಡಿ, ಮುಂದುವರಿಸಿ ಎಂದು ಧೈರ್ಯ ತುಂಬಿದರು. ಹಾಡು ಮುಗಿಯಿತು.

ಆ ಪಾದ್ರಿ ಚಾರ್ಲ್ಸ್ ವೆಸ್ಲಿ. ಮುಂದೆ 6 ಸಾವಿರಕ್ಕೂ ಹೆಚ್ಚು ಹಾಡು ಬರೆದವರು. ಇವತ್ತಿಗೂ ಇಂಗ್ಲಿಷ್ ಸಭೆಗಳಲ್ಲಿ ಅವರ ಹಾಡಿಲ್ಲದ ಹಬ್ಬ ಇಲ್ಲ. ಆದರೆ ಈ ಬರಹ ಅವರ ಇಡೀ ಬದುಕಿನದ್ದಲ್ಲ. 1738ರ ಫೆಬ್ರವರಿಯಿಂದ ಜುಲೈವರೆಗಿನ ಸುಮಾರು ಐದು ತಿಂಗಳು, ಒಂದು ಹಾಸಿಗೆ, ಒಂದು ಹಾಡು, ಒಂದು ಜೈಲು, ಅಷ್ಟನ್ನೇ ಹತ್ತಿರದಿಂದ ನೋಡುವ ಪ್ರಯತ್ನ ಇದು. ಚಾರ್ಲ್ಸ್ ದಿನಚರಿ ಬರೆಯುತ್ತಿದ್ದರಿಂದ ಆ ದಿನಗಳು ನಮಗೆ ಗಂಟೆಗಂಟೆಯ ಲೆಕ್ಕದಲ್ಲಿ ಸಿಗುತ್ತವೆ.

ಚಾರ್ಲ್ಸ್ ಮತ್ತು ಅವರ ಅಣ್ಣ ಜಾನ್ ಹುಟ್ಟುಹಾಕಿದ ಕ್ರೈಸ್ತ ಪಂಗಡ ಮೆಥೊಡಿಸ್ಟರದು. ಮೆಥೊಡಿಸ್ಟರ ಹಾಡು ಅಂದರೆ ಜೋರಾಗಿ, ಖುಷಿಯಾಗಿ, ಎದೆ ತುಂಬಿ ಹಾಡುವ ಹಾಡು ಎಂಬ ಮಾತಿದೆ. ಮಾತು ಸುಳ್ಳಲ್ಲ. ಆದರೆ ಮೊದಮೊದಲ ಹಾಡುಗಳನ್ನು ಸಾಲುಸಾಲಾಗಿ ಓದಿದಾಗ ನನಗೆ ಬೇರೊಂದು ಸಂಗತಿ ಕಂಡಿತು. ಅವುಗಳಲ್ಲಿ ಮುಖ್ಯವಾದವು ಉತ್ತರದಿಂದ ಅಲ್ಲ, ಪ್ರಶ್ನೆಯಿಂದ ಶುರುವಾಗುತ್ತವೆ. ಆ ಪ್ರಶ್ನೆ ಎಲ್ಲಿಂದ ಬಂತು, ನೋವು ಕಳೆದ ಮೇಲೂ ಅದು ಯಾಕೆ ಉಳಿಯಿತು ಎಂಬುದೇ ಈ ಪ್ರಕರಣದ ತಿರುಳು.

ಅದಕ್ಕೂ ಮೊದಲು

ಚಾರ್ಲ್ಸ್ ಹುಟ್ಟಿದ್ದು 1707ರ ಡಿಸೆಂಬರ್ 18ರಂದು, ಲಿಂಕನ್‌ಶೈರಿನ ಎಪ್‌ವರ್ತ್ ಎಂಬ ಊರಿನಲ್ಲಿ. ತಂದೆ ಸ್ಯಾಮ್ಯುಯೆಲ್ ಅಲ್ಲಿನ ಪಾದ್ರಿ. ತಾಯಿ ಸುಸಾನಾ. 1709ರ ಫೆಬ್ರವರಿಯಲ್ಲಿ ಮನೆಗೆ ಬೆಂಕಿ ಬಿತ್ತು. ಕೂಸಾಗಿದ್ದ ಚಾರ್ಲ್ಸ್‌ನನ್ನು ಮನೆಗೆಲಸದವಳು ಎತ್ತಿಕೊಂಡು ಹೊರಗೆ ಓಡಿದಳು. 5 ವರ್ಷದ ಅಣ್ಣ ಜಾನ್ ಮೇಲಿನ ಕೋಣೆಯಲ್ಲೇ ಸಿಕ್ಕಿಕೊಂಡ. ಕಿಟಕಿಯಿಂದ ಅವನನ್ನು ಇಳಿಸಿದ್ದು ಕೊನೇ ಗಳಿಗೆಯಲ್ಲಿ. ‘ಉರಿಯಿಂದ ಎಳೆದ ಕೊಳ್ಳಿ’ ಎಂಬ ಬೈಬಲಿನ ಮಾತು ಆ ಮನೆಯವರ ಬಾಯಲ್ಲಿ ಉಳಿದದ್ದು ಆಗಿನಿಂದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಆಕ್ಸ್‌ಫರ್ಡಿನಲ್ಲಿ ಓದುವಾಗ ಅಣ್ಣತಮ್ಮಂದಿರು ಗೆಳೆಯರ ಜೊತೆ ಒಂದು ಗುಂಪು ಕಟ್ಟಿದರು. ಉಪವಾಸ, ಪ್ರಾರ್ಥನೆ, ಜೈಲಿಗೆ ಹೋಗಿ ಕೈದಿಗಳನ್ನು ನೋಡುವುದು, ಎಲ್ಲಕ್ಕೂ ಹೊತ್ತು ಗೊತ್ತು. ಈ ಕಟ್ಟುನಿಟ್ಟು ನೋಡಿ ಉಳಿದ ಹುಡುಗರು ಕರೆದ ಅಡ್ಡಹೆಸರೇ ‘ಮೆಥೊಡಿಸ್ಟ್’. 1735ರಲ್ಲಿ ಚಾರ್ಲ್ಸ್ ಪಾದ್ರಿ ದೀಕ್ಷೆ ಪಡೆದು ಅಣ್ಣನ ಜೊತೆ ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದರು. ಅಲ್ಲಿ ರಾಜ್ಯಪಾಲರ ಕಾರ್ಯದರ್ಶಿಯ ಕೆಲಸ, ಜೊತೆಗೆ ಸಭೆಯ ಹೊಣೆ.

ಜಾರ್ಜಿಯಾ ಅವರನ್ನು ಮುರಿಯಿತು. ಊರಿನವರ ಚಾಡಿ ಮಾತಿಗೆ ರಾಜ್ಯಪಾಲರೂ ಮುನಿಸಿಕೊಂಡರು. ಜ್ವರ ಮತ್ತು ರಕ್ತಭೇದಿ ಹಿಡಿದು ನೆಲದ ಮೇಲೆ ಮಲಗಿದರು. ಹಾಸಿಕೊಳ್ಳಲು ಒಂದು ಹಲಗೆ ಕೂಡ ಸಿಗಲಿಲ್ಲ. 1736ರಲ್ಲಿ ಹಿಂತಿರುಗುವ ದಾರಿಯಲ್ಲಿ ಚಾರ್ಲ್ಸ್‌ಟನ್ ಊರಿನಲ್ಲಿ ತಂಗಿದಾಗ ಗುಲಾಮರ ಮೇಲೆ ನಡೆಯುವ ಕ್ರೌರ್ಯ ಕಂಡರು. ಆಟವಾಡುವ ಮಗುವಿಗೆ ಅದೇ ವಯಸ್ಸಿನ ಗುಲಾಮ ಮಗುವನ್ನು ಕೊಟ್ಟು ಹಿಂಸೆ ಮಾಡಲು ಕಲಿಸುತ್ತಾರೆ ಎಂದು ದಿನಚರಿಯಲ್ಲಿ ಬರೆದರು. ವರ್ಷದ ಕೊನೆಗೆ ಇಂಗ್ಲೆಂಡ್ ಸೇರುವ ಹೊತ್ತಿಗೆ ಮೈ ಸೋತಿತ್ತು, ಮನಸ್ಸು ಅದಕ್ಕಿಂತ ಜಾಸ್ತಿ ಸೋತಿತ್ತು.

ಒಂದು ತಲೆಯಾಡಿಸುವಿಕೆ

1738ರ ಫೆಬ್ರವರಿ, ಆಕ್ಸ್‌ಫರ್ಡ್. ಪೀಟರ್ ಬೋಲರ್ ಎಂಬ ಜರ್ಮನ್ ಯುವಕ ಬಂದಿದ್ದರು. ಮೊರೇವಿಯನ್ ಎಂಬ ಪಂಗಡದವರು. ಬೋಲರ್‌ಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದವರು ಚಾರ್ಲ್ಸ್. ಫೆಬ್ರವರಿ 24ರ ಸಂಜೆ ಚಾರ್ಲ್ಸ್‌ಗೆ ಭಯಂಕರ ಹಲ್ಲುನೋವು. ಲೇಹ್ಯ ತಿಂದರು, ತಂಬಾಕು ಸೇದಿದರು. ವಾಂತಿಯಾಗಿ ಪ್ರಜ್ಞೆ ತಪ್ಪಿತು. ರಾತ್ರಿ 11ಕ್ಕೆ ಎಚ್ಚರವಾದಾಗ ಜೀವ ಹೋಗುವಂಥ ನೋವು. ಬೋಲರ್ ಹಾಸಿಗೆಯ ಪಕ್ಕಕ್ಕೆ ಬಂದರು, ಪ್ರಾರ್ಥಿಸಿದರು. ಆಮೇಲೆ ಅವರ ಕೈ ಹಿಡಿದು ಕೇಳಿದರು: ರಕ್ಷಣೆ ಸಿಗುತ್ತದೆಂಬ ನಿರೀಕ್ಷೆ ನಿಮಗಿದೆಯೇ?

ಇದೆ ಅಂದರು ಚಾರ್ಲ್ಸ್.

ಯಾವ ಆಧಾರದ ಮೇಲೆ?

ದೇವರ ಸೇವೆಯಲ್ಲಿ ನನ್ನ ಕೈಲಾದಷ್ಟೂ ಮಾಡಿದ್ದೇನೆ, ಅದರ ಮೇಲೆ.

ಬೋಲರ್ ಅಲ್ಲ ಎಂಬಂತೆ ತಲೆಯಾಡಿಸಿದರು. ಏನೂ ಹೇಳಲಿಲ್ಲ.

ಇಡೀ ಪ್ರಕರಣದಲ್ಲಿ ನನ್ನನ್ನು ಬಹಳ ತಡೆದು ನಿಲ್ಲಿಸುವುದು ಈ ಗಳಿಗೆ. ಚಾರ್ಲ್ಸ್‌ಗೆ ಸಿಟ್ಟು ಬಂತು. ಎಂಥಾ ಕರುಣೆಯಿಲ್ಲದ ಮನುಷ್ಯ ಅನ್ನಿಸಿತು. ನಾನು ಪಟ್ಟ ಪಾಡು ಸಾಲದೇ? ಅದನ್ನೂ ನನ್ನಿಂದ ಕಸಿದುಕೊಳ್ಳುತ್ತಾನಾ? ನಂಬಿಕೊಳ್ಳಲು ನನ್ನಲ್ಲಿ ಇನ್ನೇನಿದೆ? ಇವು ಅವರ ದಿನಚರಿಯಲ್ಲಿರುವ ಮಾತುಗಳ ಅರ್ಥ.

ಇಲ್ಲಿ ನೋವು ಎರಡು ಪದರದ್ದು. ಮೇಲಿನದು ಹಲ್ಲು, ಪಕ್ಕೆ, ಜ್ವರ. ಕೆಳಗಿನದು ಅದಕ್ಕಿಂತ ಹಳೆಯದು. ಹತ್ತು ವರ್ಷದ ಉಪವಾಸ, ಜೈಲುಭೇಟಿ, ಸಮುದ್ರಯಾನ, ರಕ್ತಭೇದಿ, ಎಲ್ಲವನ್ನೂ ಒಂದು ಗಂಟಿನಲ್ಲಿ ಕಟ್ಟಿ ಇಟ್ಟುಕೊಂಡಿದ್ದರು. ಸಾಯುವಾಗ ತೋರಿಸಲು ಅದೊಂದೇ ಆಸ್ತಿ. ಬೋಲರ್ ವಾದ ಮಾಡಿದ್ದರೆ ಚಾರ್ಲ್ಸ್ ಎದುರು ವಾದ ಹೂಡುತ್ತಿದ್ದರು. ಸುಮ್ನೆ ತಲೆಯಾಡಿಸಿದ್ದಕ್ಕೆ ಎದುರುತ್ತರ ಇರಲಿಲ್ಲ.

ಕಂಚುಗಾರರ ಮನೆಯಲ್ಲಿ

ಮೇ ತಿಂಗಳಲ್ಲಿ ಪ್ಲೂರಿಸಿ ಮತ್ತೆ ಹಿಡಿಯಿತು. ಉಸಿರೆಳೆದರೆ ಪಕ್ಕೆಗೆ ಚುಚ್ಚುವ ಕಾಯಿಲೆ. ಲಂಡನ್ನಿನಲ್ಲಿ ಉಳಿಯಲು ಅನುಕೂಲಸ್ಥರ ಮನೆಯೊಂದು ಸಿದ್ಧವಿತ್ತು. ಅಲ್ಲಿಗೆ ಹೊರಡಬೇಕು ಅನ್ನುವಾಗ ಬ್ರೇ ಬಂದರು. ‘ಬಡ, ಓದಿಲ್ಲದ ಕೈಕೆಲಸದವರು, ಕ್ರಿಸ್ತನನ್ನು ಬಿಟ್ಟರೆ ಬೇರೇನೂ ಗೊತ್ತಿಲ್ಲ’ ಎಂಬ ಅರ್ಥದಲ್ಲಿ ಬ್ರೇ ಬಗ್ಗೆ ಚಾರ್ಲ್ಸ್ ಬರೆದಿದ್ದಾರೆ, ಅದೂ ಹೊಗಳಿಕೆಯಾಗಿ. ಆಕ್ಸ್‌ಫರ್ಡಿನ ಪದವೀಧರರು ಕಂಚುಗಾರರ ಮನೆಯನ್ನೇ ಆರಿಸಿಕೊಂಡರು. ನಡೆಯಲು ಆಗದ್ದರಿಂದ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು.

ಅಲ್ಲಿ ಮೇ 17ರಂದು, ಬೈಬಲಿನಲ್ಲಿರುವ ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೇಲೆ 16ನೇ ಶತಮಾನದ ಜರ್ಮನ್ ಧರ್ಮಸುಧಾರಕ ಮಾರ್ಟಿನ್ ಲೂಥರ್ ಬರೆದ ವ್ಯಾಖ್ಯಾನ ಕೈಗೆ ಸಿಕ್ಕಿತು. ‘ನನ್ನನ್ನು ಪ್ರೀತಿಸಿ ನನಗೋಸ್ಕರ ತನ್ನನ್ನು ಒಪ್ಪಿಸಿಕೊಟ್ಟನು’ ಎಂಬ ವಾಕ್ಯದಲ್ಲಿ ಲೂಥರ್ ‘ನನಗೋಸ್ಕರ’ ಎಂಬ ಒಂದು ಮಾತಿಗೆ ಒತ್ತು ಕೊಡುತ್ತಾರೆ. ಲೋಕಕ್ಕಾಗಿ ಸತ್ತ ಎಂದು ಒಪ್ಪುವುದು ಸುಲಭ. ನನಗೋಸ್ಕರ ಅನ್ನುವುದು ಕಷ್ಟ. ಈ ಒಂದು ಮಾತನ್ನು ಒಳಗೆ ಅನುಭವಿಸಬೇಕೆಂದು ದುಡಿದೆ, ಕಾದೆ, ಪ್ರಾರ್ಥಿಸಿದೆ ಎಂದು ಚಾರ್ಲ್ಸ್ ಬರೆದುಕೊಂಡರು.

ಆ ಮನೆಯಲ್ಲಿ ಬ್ರೇ ಅವರ ತಂಗಿಯೂ ಇದ್ದರು. ದಿನಚರಿ ಅವರನ್ನು ಶ್ರೀಮತಿ ಟರ್ನರ್ ಎಂದಷ್ಟೇ ಕರೆಯುತ್ತದೆ. ಮೇ 19ರಂದು ಚಾರ್ಲ್ಸ್ ಈಕೆಯನ್ನು ಪರೀಕ್ಷೆ ಮಾಡುವಂತೆ ಕೇಳಿದರು. ನಿಮಗೆ ನಂಬಿಕೆ ಬಂದಿದೆಯಾ? ದೇವರೊಂದಿಗೆ ಸಮಾಧಾನ ಇದೆಯಾ? ಈಗ ಸಾಯಲು ಸಿದ್ಧರಿದ್ದೀರಾ? ಹೌದು, ಹೌದು, ಈ ಗಳಿಗೆಯಲ್ಲೇ ಸಂತೋಷವಾಗಿ ಸಾಯುತ್ತೇನೆ ಅಂದರು ಆಕೆ. ಕೇಳಿದವರ ಬಾಯಿ ಕಟ್ಟಿತು.

ಮೇ 21, ಭಾನುವಾರ, ಪವಿತ್ರಾತ್ಮ ಇಳಿದುಬಂದದ್ದನ್ನು ನೆನೆಯುವ ಪಂಚಾಶತ್ತಮ ದಿನದ ಹಬ್ಬ. ಬೆಳಿಗ್ಗೆ 9ಕ್ಕೆ ಅಣ್ಣ ಜಾನ್ ಮತ್ತು ಗೆಳೆಯರು ಬಂದು ಪವಿತ್ರಾತ್ಮನ ಹಾಡು ಹಾಡಿ ಹೋದರು. ಚಾರ್ಲ್ಸ್ ಕಣ್ಣು ಮುಚ್ಚಿ ಮಲಗುವುದರಲ್ಲಿದ್ದರು. ಯಾರೋ ಒಳಗೆ ಬಂದ ಸದ್ದು. ಒಂದು ಹೆಣ್ಣುದನಿ: ‘ನಜರೇತಿನ ಯೇಸುವಿನ ಹೆಸರಿನಲ್ಲಿ ಏಳು, ನಂಬು, ನಿನ್ನ ಎಲ್ಲ ಬೇನೆಗಳಿಂದ ವಾಸಿಯಾಗುವೆ.’

ಮಾತು ಎದೆಗೆ ನಾಟಿತು. ‘ಅಯ್ಯೋ, ಕ್ರಿಸ್ತನೇ ನನಗೆ ಹೀಗೆ ಹೇಳಿದ್ದರೆ!’ ಎಂದು ನಿಟ್ಟುಸಿರು ಬಿಟ್ಟರು. ದನಿ ಪರಿಚಯದ ಬೇರೊಬ್ಬ ಮಹಿಳೆಯದು ಅಂದುಕೊಂಡು ವಿಚಾರಿಸಿದರೆ ಆಕೆ ಮನೆಗೆ ಬಂದೇ ಇರಲಿಲ್ಲ. ಎದೆ ಹೊಡೆದುಕೊಳ್ಳತೊಡಗಿತು. ‘ನಂಬುತ್ತೇನೆ, ನಂಬುತ್ತೇನೆ’ ಅಂದರು. ಹಾಗೆ ಅನ್ನಲು ಹೆದರುತ್ತಲೇ ಅಂದರು. ಕೊನೆಗೆ ಶ್ರೀಮತಿ ಟರ್ನರ್ ಒಪ್ಪಿಕೊಂಡರು: ಮಾತಾಡಿದ್ದು ನಾನೇ, ಬಲಹೀನಳಾದ ಪಾಪಿ. ಆದರೆ ಮಾತು ನನ್ನದಲ್ಲ, ಕ್ರಿಸ್ತನದು. ಹೇಳದೆ ಇರಲು ನನ್ನಿಂದ ಆಗಲಿಲ್ಲ.

ಈ ಘಟನೆಯನ್ನು ಹೇಳುವಾಗ ಆಕೆಯನ್ನು ಒಂದು ಸಾಲಿನಲ್ಲಿ ದಾಟಿಬಿಡುವವರೇ ಜಾಸ್ತಿ. ಅದು ಸರಿಯಲ್ಲ. ಕಂಚುಗಾರರ ಮನೆಯ ಹೆಣ್ಣುಮಗಳೊಬ್ಬಳು ಪಾದ್ರಿಯ ಕೋಣೆಗೆ ಹೋಗಿ ‘ಏಳು, ನಂಬು’ ಅನ್ನಬೇಕಾದರೆ ಎಷ್ಟು ಧೈರ್ಯ ಬೇಕು! ಆಕೆಯೂ ನಡುಗುತ್ತಲೇ ಹೇಳಿದ್ದು. ಎರಡು ಭಯಗಳ ನಡುವೆ ಆ ಮಾತು ದಾಟಿ ಬಂತು.

ಆಮೇಲೆ ಚಾರ್ಲ್ಸ್ ಬೈಬಲ್ ತೆರೆದರು. ಕಣ್ಣಿಗೆ ಬಿದ್ದದ್ದು ಕೀರ್ತನೆಗಳು. ಮೊದಲು 39ನೆಯದರ ಒಂದು ಪ್ರಶ್ನೆ: ‘ಕರ್ತನೇ, ಇನ್ನು ನಾನು ಯಾವುದಕ್ಕೆ ಕಾದುಕೊಳ್ಳಲಿ?’ ಸ್ವಲ್ಪ ಕೆಳಗೆ 40ನೆಯದರಲ್ಲಿ, ದೇವರು ನನ್ನ ಬಾಯಲ್ಲಿ ಹೊಸ ಹಾಡನ್ನು ಹುಟ್ಟಿಸಿದ್ದಾನೆ ಎಂಬ ಮಾತು. ದೇವರೊಂದಿಗೆ ಸಮಾಧಾನ ದೊರಕಿತು ಎಂದು ಅಂದು ಬರೆದರು. ಎರಡು ದಿನಕ್ಕೆ ಹೊಸ ಹಾಡು ನಿಜಕ್ಕೂ ಬಂತು.

ಹಾಡಿನ ಒಳಗೆ

ಆ ದಿನದ ಹಾಡು ಯಾವುದು? ‘ವೇರ್ ಶಲ್ ಮೈ ವಂಡರಿಂಗ್ ಸೋಲ್ ಬಿಗಿನ್’ ಎಂದು ಹೆಚ್ಚಿನ ವಿದ್ವಾಂಸರು ಗುರುತಿಸುತ್ತಾರೆ. ‘ಆ್ಯಂಡ್ ಕ್ಯಾನ್ ಇಟ್ ಬಿ’ ಇರಬಹುದು ಅನ್ನುವವರೂ ಇದ್ದಾರೆ. ಎರಡೂ ಅಚ್ಚಾದದ್ದು 1739ರಲ್ಲಿ. ನನ್ನ ಮಟ್ಟಿಗೆ ಮೊದಲನೆಯದೇ ಸರಿ. ಅದರೊಳಗೆ ಮೇ 23ರ ಬೆಳಗಿನ ಭಯ ಹಾಗೆಯೇ ಕೂತಿದೆ.

ಮೊದಲ ಸಾಲಿನ ಅರ್ಥ: ಬೆರಗಾದ ನನ್ನ ಜೀವ ಎಲ್ಲಿಂದ ಶುರುಮಾಡಲಿ? ಮುಂದೆ: ಪಾಪದಿಂದ, ಸಾವಿನಿಂದ ಬಿಡಿಸಿಕೊಂಡ ಗುಲಾಮ ನಾನು, ಆರದ ಬೆಂಕಿಯಿಂದ ಎಳೆದ ಕೊಳ್ಳಿ. ಎಪ್‌ವರ್ತಿನ ಬೆಂಕಿ ಇಲ್ಲಿದೆ. ಗುಲಾಮ ಎಂಬ ಮಾತಂತೂ ಪುಸ್ತಕದಿಂದ ಎತ್ತಿದ್ದಲ್ಲ. ಚಾರ್ಲ್ಸ್‌ಟನ್ನಿನಲ್ಲಿ ಎರಡು ವರ್ಷದ ಹಿಂದೆ ಕಣ್ಣಾರೆ ಕಂಡವರು ಬರೆದದ್ದು.

ಎರಡನೇ ಪದ್ಯವೂ ಪ್ರಶ್ನೆ: ಈ ಒಳ್ಳೆಯತನವನ್ನು ಹೇಗೆ ಹೇಳಲಿ? ಮೂರನೆಯದೂ ಪ್ರಶ್ನೆ: ತಂದೆಯ ಪ್ರೀತಿಯನ್ನು ಕಡೆಗಣಿಸಲಾ? ಆತ ಕೊಟ್ಟದ್ದನ್ನು ಕೊಟ್ಟಿದ್ದಾನೆ ಅನ್ನಲು ಹೇಡಿಯಂತೆ ಹೆದರಲಾ? ಅಹಂಕಾರವಾದೀತು ಎಂದು ಪೆನ್ನು ಕೆಳಗಿಟ್ಟವರು, ಪೆನ್ನು ಕೆಳಗಿಟ್ಟದ್ದನ್ನೇ ಪದ್ಯ ಮಾಡಿದ್ದಾರೆ. ಹಾಡಿನ ವಿಷಯವೇ ಹಾಡಲು ಇರುವ ಭಯ.

ಐದನೇ ಪದ್ಯದಲ್ಲಿ ಹಾಡು ಥಟ್ಟನೆ ಮುಖ ತಿರುಗಿಸುತ್ತದೆ. ಇಲ್ಲಿಯತನಕ ನಾನು, ನನಗೆ, ನನ್ನ. ಈಗ: ಮನುಷ್ಯರು ಹೊರಹಾಕಿದವರೇ, ನಿಮ್ಮನ್ನು ಕರೆಯುತ್ತೇನೆ. ವೇಶ್ಯೆಯರೇ, ಸುಂಕದವರೇ, ಕಳ್ಳರೇ! ನಿಮ್ಮೆಲ್ಲರನ್ನೂ ಅಪ್ಪಿಕೊಳ್ಳಲು ಆತ ಕೈ ಚಾಚಿದ್ದಾನೆ. ಹಾಸಿಗೆ ಹಿಡಿದವರು ಬೀದಿಯನ್ನು ಕೂಗಿ ಕರೆಯುತ್ತಿದ್ದಾರೆ.

ಹಾಡು ಮುಗಿಸಿ ಬ್ರೇ ಅವರಿಗೆ ತೋರಿಸಿದ ಮೇಲೂ ಕಾಟ ತಪ್ಪಲಿಲ್ಲ. ತಪ್ಪು ಮಾಡಿದೆ, ದೇವರು ಮೆಚ್ಚಲಿಲ್ಲ ಎಂಬ ಯೋಚನೆ ಬಾಣದಂತೆ ಬಂದು ಎದೆ ಕುಸಿಯಿತು. ಆಗ ಪ್ರಾರ್ಥನೆಯ ಪುಸ್ತಕದಲ್ಲಿ ಕಂಡ ಒಂದು ಕೀರ್ತನೆಯ ಸಾಲೇ ಸೈತಾನನಿಗೆ ಉತ್ತರವಾಯಿತು ಎಂದು ಬರೆದಿದ್ದಾರೆ: ಕೇಡು ಮಾಡಬಲ್ಲೆನೆಂದು ಯಾಕೆ ಕೊಚ್ಚಿಕೊಳ್ಳುತ್ತೀ? ಅದು ಕೂಡ ಪ್ರಶ್ನೆಯೇ.

ಮಾರನೇ ದಿನ, ಮೇ 24ರ ರಾತ್ರಿ 10ರ ಹೊತ್ತಿಗೆ ಗೆಳೆಯರ ದಂಡು ಜಾನ್ ಅವರನ್ನು ಕರೆದುಕೊಂಡು ಬಂತು. ಹತ್ತಿರದ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ, 9ಕ್ಕೆ ಕಾಲು ಗಂಟೆ ಇರುವಾಗ, ತಮ್ಮ ಎದೆ ಬೆಚ್ಚಗಾಯಿತು ಎಂದು ಜಾನ್ ಬರೆದ ಪ್ರಸಿದ್ಧ ರಾತ್ರಿ ಅದೇ. ‘ನಂಬಿದ್ದೇನೆ’ ಎಂದರು ಅಣ್ಣ. ಎಲ್ಲರೂ ಸೇರಿ ಆ ಹಾಡು ಹಾಡಿದರು. ಹಿಂದಿನ ದಿನ ಬರೆಯಲೋ ಬೇಡವೋ ಎಂದು ಒಬ್ಬರೇ ನಡುಗಿದ್ದ ಹಾಡು ಒಂದೇ ದಿನದಲ್ಲಿ ಹಲವರ ಬಾಯಿಗೆ ಬಂತು.

‘ನನಗೋಸ್ಕರವಾ?’

ಐದನೇ ಪದ್ಯದ ಕಳ್ಳರು ಏಳು ವಾರದಲ್ಲಿ ಎದುರಿಗೇ ಬಂದರು. ಜುಲೈ 10ರಂದು ಚಾರ್ಲ್ಸ್ ನ್ಯೂಗೇಟ್ ಜೈಲಿಗೆ ಹೋಗಿ ಮರಣದಂಡನೆಯಾಗಿದ್ದ 10 ಮಂದಿಗೆ ಪ್ರಸಂಗ ಮಾಡಿದರು. ಮನಸ್ಸಿಲ್ಲದ ಮನಸ್ಸಿನಿಂದ ಹೋದರು. ಸಾಯುವ ಹೊತ್ತಿನಲ್ಲಿ ಮನಸ್ಸು ತಿರುಗಿದರೆ ಅದನ್ನು ನಂಬಬಹುದೇ ಎಂಬ ಹಳೆಯ ಅನುಮಾನ ಇನ್ನೂ ಹೋಗಿರಲಿಲ್ಲ. ಹಾಡಿನಲ್ಲಿ ಕಳ್ಳರನ್ನು ಕರೆದಷ್ಟು ಸಲೀಸಾಗಿ ಎದುರು ನಿಂತ ಕಳ್ಳನನ್ನು ಕರೆಯಲು ಆಗಲಿಲ್ಲ.

ಎರಡು ದಿನದ ಮೇಲೆ ಒಬ್ಬನ ಕೋಣೆಗೆ ಹೋದರು. ಯಜಮಾನನ ಮನೆಯಲ್ಲಿ ಕದ್ದಿದ್ದ ಒಬ್ಬ ಕಪ್ಪು ಮನುಷ್ಯ. ಜ್ವರದಲ್ಲಿ ಮಲಗಿದ್ದ. ಅವನಿಗೆ ಕ್ರಿಸ್ತನ ಯಾತನೆ, ಸಂಕಟ, ಸಾವು ಎಲ್ಲವನ್ನೂ ಹೇಳಿದರು. ಅವನು ಬೆರಗಾಗಿ ಕೇಳಿದ. ಕಣ್ಣೀರು ಕೆನ್ನೆಗಿಳಿಯಿತು. ಅವನ ಬಾಯಿಂದ ಬಂದ ಮಾತನ್ನು ಚಾರ್ಲ್ಸ್ ಬರೆದಿಟ್ಟಿದ್ದಾರೆ: ‘ಏನು! ಅದು ನನಗೋಸ್ಕರವಾ? ನನ್ನಂಥ ಬಡಪಾಯಿಗೋಸ್ಕರ ದೇವರು ಇಷ್ಟೆಲ್ಲಾ ನೋವು ತಿಂದನಾ?’

ಈಗ ‘ಆ್ಯಂಡ್ ಕ್ಯಾನ್ ಇಟ್ ಬಿ’ ಹಾಡಿನ ಮೊದಲ ಪದ್ಯ ತೆಗೆದು ನೋಡಿ. ಇದು ನಿಜವಾ, ನನಗೂ ಪಾಲಿದೆಯಾ? ನನಗೋಸ್ಕರ ಸತ್ತನಾ, ಆತನ ನೋವಿಗೆ ಕಾರಣನಾದ ನನಗೋಸ್ಕರ? ಆಕ್ಸ್‌ಫರ್ಡಿನ ಪಾದ್ರಿಯ ಪ್ರಶ್ನೆಯೂ ನೇಣಿಗೆ ಕಾದಿರುವ ಕೈದಿಯ ಪ್ರಶ್ನೆಯೂ ಒಂದೇ. ‘ನನಗೋಸ್ಕರ’ ಎಂಬ ಅದೇ ಲೂಥರ್ ಮಾತು ಎರಡು ಬಾಯಲ್ಲೂ ಪ್ರಶ್ನೆಯಾಗಿದೆ. ಆ ಹಾಡಿನ ನಾಲ್ಕನೇ ಪದ್ಯವೂ ಜೈಲಿನದ್ದೇ: ಬಂದಿಯಾದ ನನ್ನ ಜೀವ ಕತ್ತಲಲ್ಲಿ ಬಿದ್ದಿತ್ತು, ಕತ್ತಲಕೋಣೆ ಬೆಳಕಿನಿಂದ ಉರಿಯಿತು, ಸಂಕೋಲೆ ಕಳಚಿ ಬಿತ್ತು. ಚಾರ್ಲ್ಸ್‌ನ ಸಂಕೋಲೆ ಮನಸ್ಸಿನದು. ಆ ಕೈದಿಯದು ಕಬ್ಬಿಣದ್ದು. ಕಬ್ಬಿಣದ್ದು ಕಳಚಲಿಲ್ಲ. ಈ ವ್ಯತ್ಯಾಸವನ್ನು ಮರೆತು ಹಾಡನ್ನು ಹೊಗಳಬಾರದು.

ಜುಲೈ 18ರ ರಾತ್ರಿ ಬ್ರೇ ಮತ್ತು ಚಾರ್ಲ್ಸ್ ಕೈದಿಗಳ ಜೊತೆ ಒಳಗೇ ಬೀಗ ಹಾಕಿಸಿಕೊಂಡು ಉಳಿದರು. ಮಾರನೇ ದಿನ ಟೈಬರ್ನಿನ ನೇಣುಗಂಬದವರೆಗೂ ಹೋದರು, ಗಾಡಿ ಹತ್ತಿ ಅವರ ಪಕ್ಕ ನಿಂತರು. ಅಪ್ಪ ಸ್ಯಾಮ್ಯುಯೆಲ್ ಬರೆದಿದ್ದ ಶಿಲುಬೆಯ ಹಾಡನ್ನು ಹಾಡಿದರು. ಆ ಕಾಲದ ಹೆಸರಾಂತ ಹಾಡುಗಾರ ಕವಿ ಐಸಾಕ್ ವಾಟ್ಸ್ ಅವರದ್ದೊಂದನ್ನೂ ಹಾಡಿದರು. ‘ತಪ್ಪಿತಸ್ಥ, ಬಲವಿಲ್ಲದ, ದಿಕ್ಕಿಲ್ಲದ ಹುಳು ನಾನು, ನಿನ್ನ ಕೈಗೆ ಬೀಳುತ್ತೇನೆ’ ಎಂಬುದು ಅದರ ಕೊನೆಯ ಪದ್ಯ. ನೇಣುಗಂಬದ ಕೆಳಗಿನ ಆ ಒಂದು ಗಂಟೆ ನನ್ನ ಬದುಕಿನಲ್ಲೇ ಧನ್ಯವಾದದ್ದು ಎಂದು ಚಾರ್ಲ್ಸ್ ಬರೆದರು.

ವಾಸಿಯಾಯಿತಾ?

ಪ್ರಕರಣ ಅಂದಮೇಲೆ ಈ ಪ್ರಶ್ನೆ ಕೇಳಲೇಬೇಕು. ಮೈ ನಿಧಾನವಾಗಿ ಚೇತರಿಸಿತು. ಮನಸ್ಸಿನ ಕಥೆ ಅಷ್ಟು ನೇರವಲ್ಲ. ಮೇ 21ರ ನಂತರದ ವಾರಗಳಲ್ಲೇ ದಿನಚರಿಯಲ್ಲಿ ಮಂಕು, ಭಾರ, ಪ್ರಾರ್ಥನೆಯಲ್ಲಿ ಜೀವವಿಲ್ಲ ಎಂಬ ಮಾತುಗಳು ಮತ್ತೆ ಬರುತ್ತವೆ. ಕುಗ್ಗುವ ಸ್ವಭಾವ ಬದುಕಿನುದ್ದಕ್ಕೂ ಬಿಡಲಿಲ್ಲ. ಆಮೇಲೆ ಬೇರೆ ನೋವುಗಳೂ ಬಂದವು. 1743ರಲ್ಲಿ ಶೆಫೀಲ್ಡಿನಲ್ಲಿ ಕಲ್ಲು ಬಿದ್ದವು, ಒಬ್ಬ ಸೈನ್ಯಾಧಿಕಾರಿ ಎದೆಗೆ ಕತ್ತಿ ಹಿಡಿದ. ಅದೇ ವರ್ಷ ವೆನ್ಸ್‌ಬರಿಯಲ್ಲಿ ಮೆಥೊಡಿಸ್ಟರ ಮನೆಗಳನ್ನು ಗುಂಪುಗಳು ಒಡೆದವು. 1744ರಲ್ಲಿ ಕಷ್ಟ ಮತ್ತು ಹಿಂಸೆಯ ಕಾಲಕ್ಕೆಂದೇ ಒಂದು ಹಾಡಿನ ಪುಸ್ತಕ ಬಂತು. 1754ರ ಜನವರಿಯಲ್ಲಿ ಚೊಚ್ಚಲ ಮಗ ಸಿಡುಬಿಗೆ ಬಲಿಯಾದ. 8 ಮಕ್ಕಳಲ್ಲಿ ಉಳಿದದ್ದು 3.

ಆದ್ದರಿಂದ 1738 ಅನ್ನು ‘ಸಂಕಟ ಹೋಯಿತು, ಸಂತೋಷ ಬಂತು’ ಎಂದು ಓದಿದರೆ ಹಾಡುಗಳು ಅರ್ಥವಾಗುವುದಿಲ್ಲ. ಅಂದು ಬದಲಾದದ್ದು ಪ್ರಶ್ನೆ ಯಾರ ಕಡೆಗೆ ಮುಖ ಮಾಡಿದೆ ಎಂಬುದು. ಮೊದಲು ಚಾರ್ಲ್ಸ್ ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು: ನಾನು ಮಾಡಿದ್ದು ಸಾಲದೇ? ಅದಕ್ಕೆ ಎಷ್ಟು ಉಪವಾಸ ಮಾಡಿದರೂ ಉತ್ತರ ಇಲ್ಲ. ಆಮೇಲೆ ಪ್ರಶ್ನೆ ಎದುರಿಗಿರುವವನಿಗೆ: ನೀನು ಯಾರು? ನನಗೋಸ್ಕರವಾ?

ಇದು ಪೂರ್ತಿಯಾಗಿ ಕಾಣುವುದು 1742ರಲ್ಲಿ ಅಚ್ಚಾದ ‘ಕಮ್ ಓ ದೌ ಟ್ರಾವೆಲರ್ ಅನ್‌ನೋನ್’ ಹಾಡಿನಲ್ಲಿ. ಆದಿಕಾಂಡದ 32ನೇ ಅಧ್ಯಾಯದ ಕಥೆ. ಯಾಕೋಬ ತನ್ನವರನ್ನೆಲ್ಲ ಯಬ್ಬೋಕ್ ಹೊಳೆ ದಾಟಿಸಿ ಒಬ್ಬನೇ ಉಳಿಯುತ್ತಾನೆ. ಕತ್ತಲಲ್ಲಿ ಯಾರೋ ಒಬ್ಬ ಬಂದು ಬೆಳಗಿನವರೆಗೆ ಅವನೊಂದಿಗೆ ಹೋರಾಡುತ್ತಾನೆ. ಚಾರ್ಲ್ಸ್ 14 ಪದ್ಯಗಳಲ್ಲಿ ಇದನ್ನು ‘ನಾನು’ ಎಂದು ಹೇಳುತ್ತಾರೆ. ಗುರುತಿಲ್ಲದ ದಾರಿಹೋಕನೇ, ಬಾ. ನಿನ್ನನ್ನು ಹಿಡಿದಿದ್ದೇನೆ, ಆದರೆ ಕಾಣುತ್ತಿಲ್ಲ. ಜೊತೆಗಾರರು ಮುಂದೆ ಹೋದರು, ನಿನ್ನ ಜೊತೆ ನಾನೊಬ್ಬನೇ ಉಳಿದೆ. ನಾನು ಯಾರೆಂದು ಹೇಳಬೇಕಾಗಿಲ್ಲ, ನಿನ್ನ ಅಂಗೈ ನೋಡು, ಅಲ್ಲೇ ಬರೆದಿದೆ. ಆದರೆ ನೀನು ಯಾರು? ಹೆಸರು ಹೇಳು, ಈಗಲೇ ಹೇಳು. ಪದ್ಯ ಪದ್ಯಕ್ಕೂ ಇದೇ ಹಟ. ಮೈ ನೋಯುತ್ತದೆ, ಗೊಣಗುತ್ತದೆ, ಆದರೂ ಬಿಡುವುದಿಲ್ಲ. ಕೊನೆಗೆ ಹೆಸರು ಕಿವಿಗೆ ಬೀಳುತ್ತದೆ, ಪಿಸುಮಾತಿನಲ್ಲಿ: ಪ್ರೀತಿ. ಬೆಳಗಾಗುತ್ತದೆ. ಗಮನಿಸಿ, ಯಾಕೋಬನ ತೊಡೆಯ ಕೀಲು ಸರಿಹೋಗುವುದಿಲ್ಲ. ಅವನು ಕುಂಟುತ್ತಲೇ ಜಿಂಕೆಯ ಹಾಗೆ ನೆಗೆಯುತ್ತಾನೆ. ನೋವು ಮಾಯವಾಗದ ಸಂತೋಷವನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಿದ ಹಾಡು ನನಗೆ ಬೇರೆ ಸಿಕ್ಕಿಲ್ಲ. ತಾವು ಬರೆದದ್ದೆಲ್ಲಕ್ಕೆ ಈ ಒಂದೇ ಹಾಡು ಸಮ ಎಂದು ಐಸಾಕ್ ವಾಟ್ಸ್ ಹೇಳಿದ್ದರಂತೆ. ಅದನ್ನು ದಾಖಲಿಸಿದ್ದು ಜಾನ್ ವೆಸ್ಲಿ.

ಕನ್ನಡದಲ್ಲಿ ಈ ಹಾಡುಗಳನ್ನು ಯೋಚಿಸುವಾಗ ಒಂದು ಸಂಗತಿ ಹೊಳೆಯುತ್ತದೆ. 19ನೇ ಶತಮಾನದ ಮೊದಲರ್ಧದಲ್ಲೇ ವೆಸ್ಲಿಯನ್ ಮಿಷನರಿಗಳು ಬೆಂಗಳೂರು, ಮೈಸೂರು ಸೀಮೆಗೆ ಬಂದರು. ಅವರು ಕಟ್ಟಿದ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ವೆಸ್ಲಿಯ ಹಾಡುಗಳನ್ನು ಕನ್ನಡಕ್ಕೆ ತರುವುದು ಸುಲಭದ ಮಾತಲ್ಲ. ಇಂಗ್ಲಿಷಿನ ‘ನಾನು’ ಒಂದೇ ಉಸಿರಿನ ಮಾತು, ತಾಳದ ಪೆಟ್ಟಿಗೆ ಸರಿಯಾಗಿ ಕೂರುತ್ತದೆ. ನಮ್ಮಲ್ಲಿ ಅದು ಕ್ರಿಯಾಪದದ ಬಾಲದಲ್ಲಿ ಅಡಗಿಬಿಡುತ್ತದೆ. ಆದರೆ ಪ್ರಶ್ನೆ ಕೇಳುವುದರಲ್ಲಿ ಕನ್ನಡವೇ ಮುಂದು. ವಾಕ್ಯವನ್ನು ತಿರುಗಿಸುವುದೇ ಬೇಡ. ‘ನನಗೆ’ ಅನ್ನುವುದನ್ನು ‘ನನಗಾ?’ ಎಂದು ಎಳೆದರೆ ಸಾಕು. ಅನುಮಾನ, ಬೆರಗು, ಆಸೆ ಮೂರೂ ಆ ಒಂದು ದೀರ್ಘದಲ್ಲಿ ಬರುತ್ತವೆ.

ಒಂದು ಆಕ್ಷೇಪ

ಇತಿಹಾಸಕಾರ ಇ.ಪಿ. ಥಾಂಪ್ಸನ್ 1963ರಲ್ಲಿ ಬಂದ ಇಂಗ್ಲೆಂಡಿನ ಕಾರ್ಮಿಕ ವರ್ಗದ ಇತಿಹಾಸದಲ್ಲಿ ಮೆಥೊಡಿಸ್ಟ್ ಹಾಡುಗಳನ್ನು ಕಟುವಾಗಿ ಟೀಕಿಸಿದರು. ರಕ್ತ, ಗಾಯ, ಸಾವು, ಪಾಪದ ಅಳು, ಇದೆಲ್ಲ ಮನಸ್ಸನ್ನು ಕೊಳೆಸುವ ಗೀಳು ಎಂಬುದು ಅವರ ವಾದ. ದುಡಿಯುವ ಜನರನ್ನು ಬಗ್ಗಿಸಿಡಲು ಇಂಥ ಭಾವಾವೇಶ ನೆರವಾಯಿತು ಅಂದರು. ಹೊರಗಿನವರ ಮಾತೆಂದು ತಳ್ಳಿಹಾಕುವಂತಿಲ್ಲ. ಅವರ ತಂದೆ ಬಂಗಾಳದ ಬಂಕುರಾದಲ್ಲಿ ಮೆಥೊಡಿಸ್ಟ್ ಮಿಷನರಿಯಾಗಿದ್ದವರು.

ಟೀಕೆಯಲ್ಲಿ ನಿಜವಿದೆ. ಕೆಲವು ಹಾಡುಗಳಲ್ಲಿ ಗಾಯದ ವರ್ಣನೆ ಅತಿಯಾಗುತ್ತದೆ. ತನ್ನನ್ನು ಹುಳು ಎಂದುಕೊಳ್ಳುವುದು ಅಭ್ಯಾಸವಾದರೆ ಬಡವನಿಗೆ ಅದರಿಂದ ಒಳ್ಳೆಯದೇನೂ ಆಗುವುದಿಲ್ಲ. ಜಾನ್ ವೆಸ್ಲಿಗೂ ಕ್ರಿಸ್ತನನ್ನು ಅತಿಯಾಗಿ ಮುದ್ದಿಸುವ ಮಾತು ಹಿಡಿಸುತ್ತಿರಲಿಲ್ಲ. 1780ರಲ್ಲಿ ಅವರು ಕೂಡಿಸಿದ 525 ಹಾಡುಗಳ ದೊಡ್ಡ ಸಂಗ್ರಹದಲ್ಲಿ, ತಮ್ಮನ ಅತಿ ಜನಪ್ರಿಯ ಹಾಡುಗಳಲ್ಲಿ ಒಂದಾದ ‘ಜೀಸು ಲವರ್ ಆಫ್ ಮೈ ಸೋಲ್’ (ಯೇಸುವೇ, ನನ್ನ ಜೀವದ ಪ್ರಿಯನೇ) ಇಲ್ಲ.

ಆದರೂ 1738ರ ಪ್ರಕರಣ ಥಾಂಪ್ಸನ್ ಅವರ ಚೌಕಟ್ಟಿಗೆ ಸರಿಯಾಗಿ ಕೂರುವುದಿಲ್ಲ. ಇಲ್ಲಿ ಮೇಲಿನವರು ಕೆಳಗಿನವರಿಗೆ ಅಳಲು ಕಲಿಸಲಿಲ್ಲ. ಕಂಚುಗಾರರ ತಂಗಿಯ ಮಾತಿನಿಂದ ಪಾದ್ರಿ ಎದ್ದರು. ಕಂಚುಗಾರರ ಮಾತಿನಿಂದ ಹಾಡು ಪೂರ್ತಿಯಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸಾಮಾನ್ಯ ಜನ, ಅದರಲ್ಲೂ ಹೆಣ್ಣುಮಕ್ಕಳು, ತಮ್ಮ ಒಳಗಿನ ಕಥೆಯನ್ನು ಕಾಗದದಲ್ಲಿ ಬರೆದು ಚಾರ್ಲ್ಸ್‌ಗೆ ಕಳಿಸಿದರು. ಆ ಕಾಗದಗಳು ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿವೆ. ಓದುಬಾರದವರಿಗೆ ಒಬ್ಬರು ಸೊಲ್ಲು ಹೇಳಿಕೊಡುತ್ತಿದ್ದರು, ಉಳಿದವರು ಹಿಂದೆ ಹಾಡುತ್ತಿದ್ದರು. ನಮ್ಮ ಭಜನೆಯ ಹಾಗೆ. ತನ್ನ ಸಂಕಟಕ್ಕೆ ‘ನಾನು’ ಎಂದು ಮಾತು ಸಿಗುವುದು ಬಗ್ಗಿದವನ ಲಕ್ಷಣ ಅಂತ ನನಗನ್ನಿಸುವುದಿಲ್ಲ. 1780ರ ಆ ಸಂಗ್ರಹದ ವಿಂಗಡಣೆ ನೋಡಿ: ಪಾಪದ ಅರಿವಾಗಿ ದುಃಖಿಸುವವರಿಗೆ, ಜಾರಿಬಿದ್ದವರಿಗೆ, ಸಂತೋಷಪಡುವ ವಿಶ್ವಾಸಿಗಳಿಗೆ, ಹೋರಾಡುವವರಿಗೆ, ನೋವು ತಿನ್ನುವವರಿಗೆ. ಸಂತೋಷವಾದ ಮೇಲೂ ನೋವಿಗೆ ಒಂದು ಜಾಗ ಇಟ್ಟಿದ್ದಾರೆ.

50 ವರ್ಷದ ಮೇಲೆ

1788ರ ಮಾರ್ಚ್, ಲಂಡನ್. ಚಾರ್ಲ್ಸ್‌ಗೆ 80 ದಾಟಿತ್ತು. ಮಾತಾಡಲೂ ತ್ರಾಣವಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಮಲಗಿದ್ದವರು ಹೆಂಡತಿ ಸಾರಾ ಅವರನ್ನು ಕರೆದು, ಹೇಳುತ್ತೇನೆ ಬರೆದುಕೋ ಅಂದರು. ಆರು ಸಾಲು. ಮುಪ್ಪಿನಲ್ಲಿ, ಬಲವೆಲ್ಲ ಬತ್ತಿದ ಈ ಹೊತ್ತಿನಲ್ಲಿ, ಹುಳುವಾದ ನನ್ನನ್ನು ಯಾರು ಬಿಡಿಸುತ್ತಾರೆ? ಟೈಬರ್ನಿನ ಗಾಡಿಯ ಮೇಲೆ ಕೈದಿಗಳ ಜೊತೆ ಹಾಡಿದ ಅದೇ ‘ಹುಳು’. ಯೇಸುವೇ, ನನಗಿರುವ ನಿರೀಕ್ಷೆ ನೀನೊಬ್ಬನೇ. ಸೋಲುತ್ತಿರುವ ಮೈಗೂ ಎದೆಗೂ ನೀನೇ ಬಲ. ನಿನ್ನ ಒಂದು ನಗು ಕಂಡು ನಿತ್ಯದೊಳಗೆ ಬಿದ್ದುಬಿಡುವ ಹಾಗಾದರೆ!

ಮಾರ್ಚ್ 29ರಂದು ತೀರಿಕೊಂಡರು. ಎರಡು ವಾರದ ಮೇಲೆ ಜಾನ್ ಬೋಲ್ಟನ್ ಊರಿನ ಸಭೆಯಲ್ಲಿ ಯಾಕೋಬನ ಹಾಡಿನ ಸೊಲ್ಲು ಕೊಡುತ್ತಿದ್ದರು ಎಂದು ಮೆಥೊಡಿಸ್ಟರು ಹೇಳುತ್ತಾ ಬಂದಿದ್ದಾರೆ. ‘ಜೊತೆಗಾರರು ಮುಂದೆ ಹೋದರು, ನಿನ್ನ ಜೊತೆ ನಾನೊಬ್ಬನೇ ಉಳಿದೆ’ ಎಂಬ ಸಾಲಿಗೆ ಬಂದರು. ಮುಂದಕ್ಕೆ ಹೇಳಲು ಆಗಲಿಲ್ಲ. ಪೀಠದಲ್ಲೇ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಹಾಡು ನಿಂತಿತು. ಸಭೆ ಕಾಯಿತು. ಸ್ವಲ್ಪ ಹೊತ್ತಾದ ಮೇಲೆ 84 ವರ್ಷದ ಅಣ್ಣ ಎದ್ದು ನಿಂತು ಆರಾಧನೆ ಮುಂದುವರಿಸಿದರು.